ಅಮ್ಮನ ತೂಕ, ಭಾವನ ಸ್ಟೆಪ್ನಿ

ನಮ್ಮ ಭಾವ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿ ಸರಿಯಿದೆಯೋ ಇಲ್ಲವೋ ನೋಡಿ, ಸರಿಯಿದ್ದರೆ ಸೀಸದ ಮುದ್ರೆ ಒತ್ತುವುದು, ಇಲ್ಲದಿದ್ದರೆ ಬೀಗ ಜಡಿದು ಬರುವುದು ಅವರ ಕೆಲಸ. ಇಂಥ ಕೆಲಸವನ್ನು ಸಂಜೆ ಕಚೇರಿಯಲ್ಲೇ ಬಿಟ್ಟು ಮನೆಗೆ ಬರುವವರೂ ಇದ್ದಾರಂತೆ. ಭಾವ ಅಂಥವರಲ್ಲ. ಅಕ್ಕನನ್ನು ಮದುವೆಯಾಗಿ ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದಾಗ, ಮೇಜು ಎಡಗಡೆಗೆ ಎರಡು ನೂಲು, ಅಂದರೆ ಕಾಲಂಗುಲ, ತಗ್ಗಿದೆಯೆಂದು ಘೋಷಿಸಿ, ಅದರ ಕಾಲಿನ ಕೆಳಗೆ ರಟ್ಟು ಮಡಿಸಿಟ್ಟು, ಆಮೇಲೆ ಕೈ ತೊಳೆದರು. ಅಮ್ಮ ಅಡುಗೆಮನೆಗೆ ಬಂದು, "ಹುಡುಗ ಒಳ್ಳೇವನೇ, ಆದ್ರೆ ಇವನಿಗೆ ಬಡಿಸೋದು ಕಷ್ಟ" ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು. ಈಗ ಅಕ್ಕ, ಭಾವ ನಮ್ಮ ಮನೆಯಲ್ಲೇ ಇದ್ದಾರೆ.

ಇಂಥ ಭಾವನಿಗೆ ಒಬ್ಬ ಅಣ್ಣ. ಊರಿನ ದೊಡ್ಡ ಟೈರ್ ಅಂಗಡಿ ಅವನದು. ಊರವರೆಲ್ಲ ಅವನನ್ನು ಟೈರಣ್ಣ ಎಂದೇ ಕರೆಯುತ್ತಾರೆ. ಎರಡು ವರ್ಷದ ಹಿಂದೆ ಭಾವ ತಪಾಸಣೆಗೆಂದು ಆ ರಸ್ತೆಗೆ ಹೋದರು. ಬೇರೆ ಯಾರಾಗಿದ್ದರೂ ಅಣ್ಣನ ಅಂಗಡಿಯ ಮುಂದೆ ಕತ್ತು ಆಚೆ ತಿರುಗಿಸಿಕೊಂಡು ಹೋಗುತ್ತಿದ್ದರು. ಭಾವ ನೆಟ್ಟಗೆ ಒಳಗೆ ಹೋಗಿ, ಟೈರಿಗೆ ಗಾಳಿ ತುಂಬುವ ಯಂತ್ರದ ಮೀಟರು ಇರುವುದಕ್ಕಿಂತ ಹೆಚ್ಚು ಗಾಳಿ ತೋರಿಸುತ್ತಿದೆಯೆಂದು ಕಂಡುಹಿಡಿದು, ಗಿರಾಕಿಗಳ ಎದುರಿಗೇ ಅದಕ್ಕೆ ಬೀಗ ಹಾಕಿ ನಿಲ್ಲಿಸಿದರು. ಟೈರಣ್ಣ ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿದ. ಕೊನೆಗೆ, "ಗಾಳಿ ಅಳೆಯೋನೇ, ಒಂದು ದಿನ ನಿನ್ನ ಗಾಡಿ ರಸ್ತೆ ಮಧ್ಯ ಕೂರತ್ತೆ. ಆಗ ನನ್ನ ಹತ್ರಾನೇ ಬರ್ತೀಯ" ಎಂದ.

"ನಿನ್ನ ಅಂಗಡಿಯ ಒಂದು ವಾಲ್ವ್ ಮುಚ್ಚಳ ನನ್ನ ಗಾಡಿಗೆ ಬಿದ್ರೂ ಆವತ್ತೇ ಗಾಡಿ ಮಾರ್ತೀನಿ" ಎಂದರು ಭಾವ.

ಆಗ ಭಾವನ ಬಳಿ ಸೈಕಲ್ಲು ಕೂಡ ಇರಲಿಲ್ಲ. ಆದರೂ ಶಪಥ ಶಪಥವೇ. ಅಂದಿನಿಂದ ಅಣ್ಣ ತಮ್ಮ ಮಾತು ಬಿಟ್ಟರು.

ಗಾಡಿ ಬಂದದ್ದು ಅಮ್ಮನ ಮಂಡಿಯಿಂದಾಗಿ. ನಮ್ಮ ಚಿಕ್ಕಮ್ಮ ಬೆಟ್ಟದಾಚೆ ಬಂದರಿನ ಊರಿನಲ್ಲಿದ್ದಾಳೆ. ಅಮ್ಮ, ಚಿಕ್ಕಮ್ಮ ಇಬ್ಬರಿಗೂ ಮಂಡಿ ಸವೆದು ಹೋಗಿದೆ. ಇವಳಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗದು, ಅವಳಿಗೆ ಇಳಿಯಲಾಗದು. ಆರು ವರ್ಷದಿಂದ ಫೋನಿನಲ್ಲೇ ಜಗಳ, ಫೋನಿನಲ್ಲೇ ರಾಜಿ. ಈಚೆಗೆ ಒಂದು ದಿನ ಚಿಕ್ಕಮ್ಮ, "ಅಕ್ಕಾ, ನಿನ್ನ ಮುಖ ಮರೆತೇಹೋಗ್ತಿದೆ ಕಣೇ" ಎಂದಳಂತೆ. ಫೋನಿಟ್ಟ ಮೇಲೆ ಅಮ್ಮ ತಂಗಿಯ ಹಳೆಯ ಫೋಟೋ ತೆಗೆದು ನೋಡುತ್ತ ಕೂತಳು. ಅದು ಭಾವನ ಕಣ್ಣಿಗೆ ಬಿತ್ತು. ಮೂರನೆಯ ದಿನ ಮನೆಯ ಮುಂದೆ ಒಂದು ಹಳೆಯ ಕ್ಯಾಂಪರ್ ವ್ಯಾನು ನಿಂತಿತ್ತು.

ಅದರೊಳಗೆ ಒಂದು ಮಂಚ, ಮಡಿಸುವ ಮೇಜು, ಒಂದು ಒಲೆ, ಪಾತ್ರೆ ತೊಳೆಯಲು ಅಂಗೈಯಗಲದ ತೊಟ್ಟಿ, ನೀರಿನ ಟ್ಯಾಂಕು ಎಲ್ಲ ಇದ್ದವು. ಬಾಗಿಲು ನೆಲಮಟ್ಟಕ್ಕೇ ಇತ್ತು. ಭಾವ ಅಮ್ಮನ ಎದುರು ಕೈ ಕಟ್ಟಿ ನಿಂತು, "ಅತ್ತೆ, ನೀವು ಕೂತ್ಕೊಳ್ಳೋದೂ ಬೇಡ. ಮಲಗಿಸ್ಕೊಂಡೇ ಕರ್ಕೊಂಡ್ ಹೋಗ್ತೀನಿ" ಎಂದರು. ಹೇಳಿದ ರೀತಿ ಎದೆ ಧಸಕ್ಕೆನ್ನುವ ಹಾಗಿತ್ತು. ಆದರೆ ಅಮ್ಮನ ಕಣ್ಣು ತುಂಬಿ ಬಂತು.

ವ್ಯಾನಿಗೆ ಇದ್ದ ಕೊರತೆ ಒಂದೇ. ಸ್ಟೆಪ್ನಿ ಇರಲಿಲ್ಲ. ಹಿಂಬಾಗಿಲಿನಲ್ಲಿ ಸ್ಟೆಪ್ನಿ ತೂಗುಹಾಕುವ ಕಬ್ಬಿಣದ ಚೌಕಟ್ಟು ತುಕ್ಕು ಹಿಡಿದು ಖಾಲಿ ನಿಂತಿತ್ತು. ಹಳೆಯ ಮಾದರಿಯ ಆ ವ್ಯಾನಿಗೆ ಹೊಂದುವ ಚಕ್ರ ಊರಲ್ಲಿ ಒಂದೇ ಕಡೆ ಸಿಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆ ಅಂಗಡಿಯ ಹೆಸರನ್ನು ಯಾರೂ ಭಾವನ ಎದುರು ಎತ್ತಲಿಲ್ಲ.

ಭಾವ ಗುಜರಿ ಅಂಗಡಿಗೆ ಹೋದರು. ನನ್ನನ್ನೂ ಕರೆದುಕೊಂಡು ಹೋದರು. ನನ್ನದು ಗಡಿಯಾರ ರಿಪೇರಿ ಅಂಗಡಿ. ಯಾವಾಗ ಮುಚ್ಚಿದರೂ ಕೇಳುವವರಿಲ್ಲ. ಅಲ್ಲಿ ರಾಶಿ ಬಿದ್ದ ಚಕ್ರಗಳ ನಡುವೆ ಭಾವ ಟೇಪು ಹಿಡಿದು ಇಡೀ ಮಧ್ಯಾಹ್ನ ಕಳೆದರು. ಎತ್ತರ ಅಳೆದರು, ಅಗಲ ಅಳೆದರು, ಸುತ್ತಳತೆಗೆ ದಾರ ಸುತ್ತಿದರು, ಟೈರಿನ ಗೀರುಗಳ ಆಳಕ್ಕೆ ಬೆಂಕಿಕಡ್ಡಿ ಇಳಿಸಿ ನೋಡಿದರು, ಕೊಕ್ಕೆಯ ತಕ್ಕಡಿಗೆ ಸಿಕ್ಕಿಸಿ ತೂಗಿದರು. ಗುಜರಿಯವನು ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ಸ್ವಾಮೀ, ಇದು ಟೈರು. ಬಂಗಾರ ಅಲ್ಲ" ಎಂದ.

"ಬಂಗಾರದ ತಪ್ಪು ತೂಕದಿಂದ ಯಾರೂ ಸಾಯಲ್ಲ" ಎಂದರು ಭಾವ.

ಕೊನೆಗೆ ಒಂದು ಚಕ್ರ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾಯಿತು. ವೆಲ್ಡಿಂಗ್‌ನವನು ಹಿಂಬಾಗಿಲಿನ ತುಕ್ಕು ಚೌಕಟ್ಟು ಕಿತ್ತು, ನಟ್ಟನಡುವೆ ಒಂದೇ ಒಂದು ದಪ್ಪ ಬೋಲ್ಟಿರುವ ಹೊಸದನ್ನು ಬೆಸೆದ. ಚಕ್ರದ ನಡುಗಂಡಿಗೆ ಬೋಲ್ಟು ಹೊಕ್ಕಿತು, ಸ್ಟೆಪ್ನಿ ಭದ್ರವಾಗಿ ಕೂತಿತು. ಭಾವ ಬೀದಿಯ ಜನರಿಗೆಲ್ಲ ತೋರಿಸಲೆಂದು ವ್ಯಾನನ್ನು ಊರೊಳಗೆ ಒಂದು ಸುತ್ತು ಹೊಡೆಸಿಕೊಂಡು ಬಂದರು. ಟೈರಣ್ಣನ ಅಂಗಡಿಯ ಮುಂದೆ ವೇಗ ತುಸು ಕಡಿಮೆ ಮಾಡಿದರು. ಅದು ಬೇಕೆಂದೇ ಮಾಡಿದ್ದು.

ಮಾರನೆಯ ದಿನ ಭಾವ ಕಚೇರಿಗೆ ಹೋದ ಮೇಲೆ ಟೈರಣ್ಣ ಬಂದ. ಒಂದು ಚಕ್ರ ಉರುಳಿಸಿಕೊಂಡೇ ಬಂದ. ಬಾಗಿಲಲ್ಲೇ ನಿಂತು ಅಕ್ಕನಿಗೆ ಹೇಳಿದ:

"ನೋಡಮ್ಮಾ, ನಿನ್ನ ಗಂಡ ಹಿಂದುಗಡೆ ನೇತು ಹಾಕ್ಕೊಂಡು ಮೆರೀತಿದಾನಲ್ಲ, ಆ ಚಕ್ರದ ಡಿಸ್ಕಿಗೆ ಆರು ತೂತಿದೆ. ಈ ವ್ಯಾನಿನ ಚಕ್ರಕ್ಕೆ ಐದೇ ಬೋಲ್ಟು. ಪ್ರಾಣ ಹೋದ್ರೂ ಅದು ಇದಕ್ಕೆ ಕೂರಲ್ಲ."

ಅಕ್ಕ ಹೊರಗೆ ಹೋಗಿ ಎಣಿಸಿ ಬಂದಳು. ನಾನೂ ಎಣಿಸಿದೆ. ಸೂಜಿಮೊನೆಯಷ್ಟು ವ್ಯತ್ಯಾಸ ಹಿಡಿಯುವ ಭಾವ ತೂತು ಎಣಿಸುವುದನ್ನು ಮರೆತಿದ್ದರು. ಎಣಿಸುವುದು ಅವರ ಇಲಾಖೆಗೆ ಬರುವುದಿಲ್ಲ. ಅವರದು ತೂಕ ಮತ್ತು ಅಳತೆ.

"ಬೆಟ್ಟದ ರಸ್ತೇಲಿ ಪಂಚರ್ ಆದ್ರೆ ಆ ವಯಸ್ಸಾದವರನ್ನ ಇಟ್ಕೊಂಡು ಏನ್ ಮಾಡ್ತಾನೆ? ಇದನ್ನ ಎಲ್ಲಾದ್ರೂ ಒಳಗಿಟ್ಕೋ. ಅವನಿಗೆ ಹೇಳ್ಬೇಡ" ಎಂದ ಟೈರಣ್ಣ.

"ಹೇಳಿದ್ರೆ ವ್ಯಾನೇ ಮಾರ್ತಾರೆ" ಎಂದಳು ಅಕ್ಕ.

"ಗೊತ್ತು. ಅಪ್ಪನ ಹಟ ಎಲ್ಲಾ ಇವನಿಗೇ ಹೋಯ್ತು, ನನಗೆ ಅಂಗಡಿ ಮಾತ್ರ ಬಂತು."

ಅವನು ಹೋದ ಮೇಲೆ ನಾನೂ ಅಕ್ಕನೂ ಸೇರಿ ಆ ಚಕ್ರವನ್ನು ವ್ಯಾನಿನ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಮಲಗಿಸಿ, ಮೇಲೆ ಹಲಗೆ ಮುಚ್ಚಿ, ಹಾಸಿಗೆ ಹಾಸಿದೆವು. ಅಕ್ಕ ಅಂದೇ ಕೂತು ಹಿಂದಿನ ಸ್ಟೆಪ್ನಿಗೆ ನೀಲಿ ಬಟ್ಟೆಯ ಗವಸು ಹೊಲಿದಳು. ಆರು ತೂತಿನ ಮೇಲೆ ಮತ್ತೆ ಯಾರ ಕಣ್ಣೂ ಬೀಳಬಾರದಲ್ಲ. ಸಂಜೆ ಭಾವ ಅದನ್ನು ನೋಡಿ, "ನೋಡು, ಈಗ ನಿನಗೂ ಸ್ಟೆಪ್ನಿ ಮೇಲೆ ಗೌರವ ಬಂತು" ಎಂದು ಹಿಗ್ಗಿದರು.

ಅವರ ಹಿಗ್ಗು ಪ್ರಾಯೋಗಿಕ ಓಡಾಟದವರೆಗೆ ಇತ್ತು. ಆ ದಿನ ನಮ್ಮನ್ನೆಲ್ಲ ಕೂರಿಸಿಕೊಂಡು, ಅಮ್ಮನನ್ನು ಮಂಚದ ಮೇಲೆ ಮಲಗಿಸಿಕೊಂಡು ಭಾವ ಹೊರಟರು. ಬೀದಿಯ ಕೊನೆಯಲ್ಲೇ ನಿಲ್ಲಿಸಿ ಕೆಳಗಿಳಿದರು. ವ್ಯಾನು ಎಡಗಡೆಗೆ ವಾಲುತ್ತಿದೆ ಎಂದರು. ನಮ್ಮ ಯಾರ ಕಣ್ಣಿಗೂ ಕಾಣದ ವಾಲು ಅದು.

ಲಾರಿಗಳನ್ನು ತೂಗುವ ವೇಬ್ರಿಡ್ಜಿಗೆ ನಮ್ಮೆಲ್ಲರ ಸಮೇತ ವ್ಯಾನನ್ನು ತೆಗೆದುಕೊಂಡು ಹೋದರು. ಅದಕ್ಕೂ ಮೊದಲು ಮನೆಯಲ್ಲಿ ಒಲೆ, ಮೇಜು, ಹಾಸಿಗೆ, ಚಮಚಗಳ ಕಟ್ಟು, ಎಲ್ಲವನ್ನೂ ಬಿಡಿಬಿಡಿಯಾಗಿ ತೂಗಿ ಆಗಿತ್ತು. ನನ್ನನ್ನೂ ಅಕ್ಕನನ್ನೂ ತೂಗಿದ್ದರು. ಅಮ್ಮನನ್ನು ಮಾತ್ರ ತೂಗಿರಲಿಲ್ಲ. ಅತ್ತೆಯನ್ನು ತಕ್ಕಡಿ ಹತ್ತಿ ಎನ್ನಲು ಅವರಿಗೂ ನಾಲಿಗೆ ಹೊರಳಿರಲಿಲ್ಲ. ಹಾಗಾಗಿ ಪಕ್ಕದ ಮನೆಯ ನರ್ಸಮ್ಮನನ್ನು ಕೇಳಿ ಐವತ್ತು ಕೆಜಿ ಎಂದು ಅಂದಾಜಿನಲ್ಲಿ ಇಟ್ಟುಕೊಂಡಿದ್ದರು. ವೇಬ್ರಿಡ್ಜಿನ ಲೆಕ್ಕ ಬಂತು. ಇರಬೇಕಾದ್ದಕ್ಕಿಂತ ಇಪ್ಪತ್ತೈದು ಕೆಜಿ ಹೆಚ್ಚಿತ್ತು.

ಅಂದು ಸಂಜೆ ಅಂಗಳದಲ್ಲಿ ಭಾವ ಅಕ್ಕನನ್ನು ಕರೆದು ಗಂಭೀರವಾಗಿ ಹೇಳಿದರು:

"ವ್ಯಾನಿನಲ್ಲಿ ತೂಗದೇ ಉಳಿದಿರೋದು ಒಂದೇ. ನಿಮ್ಮಮ್ಮ."

ನಾನು ಗೋಡೆಯ ಕಡೆ ತಿರುಗಿದೆ.

"ನಾನು ಯಾರ ಮೇಲೂ ತಪ್ಪು ಹೊರಿಸ್ತಿಲ್ಲ. ಲೆಕ್ಕ ಹೇಳ್ತಿದೀನಿ. ಅತ್ತೆಯ ತೂಕ ಎಪ್ಪತ್ತೈದು. ಈ ಹಳೇ ವ್ಯಾನು ಇಷ್ಟೇ ಭಾರ ಹೊರಬೇಕು ಅಂತ ಬಾಗಿಲ ತಗಡಿನ ಮೇಲೆ ಬರೆದಿದೆ. ಅಷ್ಟಕ್ಕೇ ಸರಿಯಾಗಿ ತುಂಬಿದ್ದೆ. ಅದಕ್ಕಿಂತ ಇಪ್ಪತ್ತೈದು ಕೆಜಿ ಮೇಲೆ ಹೋಗಿದೀವಿ."

ಮೇಲಿನ ಮಹಡಿಯ ವಕೀಲರು ಬಾಲ್ಕನಿಯಲ್ಲಿ ನಿಂತು ಹಲ್ಲುಜ್ಜುತ್ತಿದ್ದರು. ಸಂಜೆ ಹಲ್ಲುಜ್ಜುವ ಅಭ್ಯಾಸ ಅವರಿಗೆ ನಮ್ಮ ಅಂಗಳದಲ್ಲಿ ಮಾತು ಕೇಳಿಸಿದಾಗಲೆಲ್ಲ ಬರುತ್ತದೆ. ಕತ್ತಲಾಗುವುದರೊಳಗೆ ಬೀದಿಯಲ್ಲಿ ಸುದ್ದಿಯಾಯಿತು. ಇನ್ಸ್‌ಪೆಕ್ಟರು ಅತ್ತೆಯನ್ನು ಲಾರಿ ತೂಗುವ ಜಾಗಕ್ಕೆ ಕರೆದುಕೊಂಡು ಹೋಗಿ ತೂಗಿದರಂತೆ, ಮಿತಿ ಮೀರಿದ್ದರಿಂದ ಇಳಿಸಿಬಿಟ್ಟರಂತೆ. ಮರುದಿನ ಬೆಳಗಾಗುವಷ್ಟರಲ್ಲಿ ಅದು ಬೆಟ್ಟವನ್ನೂ ದಾಟಿತ್ತು. ಚಿಕ್ಕಮ್ಮ ಫೋನು ಮಾಡಿದಳು.

"ನಮ್ಮಕ್ಕನ್ನ ಮೂಟೆ ಥರ ತೂಗಿದ್ರಂತೆ?" ಎಂದು ನನ್ನ ಮೇಲೆ ಹರಿಹಾಯ್ದಳು. "ಅವಳು ಎಪ್ಪತ್ತೈದು ಕೆಜಿಯಂತೆ? ಮಂಡಿ ನೋವು ಬರ್ದೆ ಇನ್ನೇನಾಗತ್ತೆ? ನೀವೆಲ್ಲ ಏನು ತಿನ್ನಿಸ್ತಿದೀರೋ ಅವಳಿಗೆ?"

ಅಮ್ಮ ಒಳಗಿನ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂತಳು. ಕಟ್ಟಿಟ್ಟ ಬಟ್ಟೆಗಂಟನ್ನು ಬಿಚ್ಚಿ, ಬಟ್ಟೆಗಳನ್ನು ಒಂದೊಂದಾಗಿ ಕಪಾಟಿಗೆ ಹಿಂದಕ್ಕಿಟ್ಟಳು. "ನಾನು ಬರಲ್ಲ. ನನ್ನಿಂದ ಗಾಡಿ ವಾಲೋದು ಬೇಡ. ತಂಗಿ ಮುಖ ನೋಡೋ ಋಣ ಇಲ್ಲ ಅಂತ ಕಾಣತ್ತೆ" ಎಂದಳು. ಅಮ್ಮ ಹಾಗೆ ಅಂದದ್ದು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು.

ಅಷ್ಟರಲ್ಲಿ ವಕೀಲರು ನ್ಯಾಯ ಕೊಡಿಸಲು ಕೆಳಗಿಳಿದು ಬಂದರು. ಅವರ ಹಿಂದೆ ನರ್ಸಮ್ಮ ಬಂದಳು.

"ಇನ್ಸ್‌ಪೆಕ್ಟರೇ, ಆಧಾರ ಇಲ್ದೆ ಒಬ್ಬ ಹೆಂಗಸಿನ ಮೇಲೆ ಇಪ್ಪತ್ತೈದು ಕೆಜಿ ಹೊರಿಸೋ ಹಾಗಿಲ್ಲ. ನೇರವಾಗಿ ತೂಗಿ ತೋರಿಸಿ. ಐವತ್ತೇ ಇದ್ರೆ ಎಲ್ಲರ ಮುಂದೆ ಕ್ಷಮೆ ಕೇಳಿ" ಎಂದರು ವಕೀಲರು.

"ಐವತ್ತೇ ಇದ್ರೆ ಕ್ಷಮೆ ಕೇಳ್ತೀನಿ" ಎಂದರು ಭಾವ. "ಆಮೇಲೆ ವ್ಯಾನಿನ ಒಂದೊಂದು ಹಲಗೇನೂ ಬಿಚ್ಚಿ ನೋಡ್ತೀನಿ. ಆ ಇಪ್ಪತ್ತೈದು ಕೆಜಿ ಎಲ್ಲೋ ಇರಲೇಬೇಕು."

ಅಕ್ಕ ನನ್ನ ಮುಖ ನೋಡಿದಳು. ನಾನು ಅಕ್ಕನ ಮುಖ ನೋಡಿದೆ. ಹಲಗೆ ಬಿಚ್ಚಿದರೆ ಅಣ್ಣನ ಚಕ್ರ ಸಿಗುತ್ತದೆ, ಚಕ್ರ ಸಿಕ್ಕರೆ ವ್ಯಾನು ಮಾರಿಹೋಗುತ್ತದೆ, ವ್ಯಾನು ಹೋದರೆ ಅಮ್ಮ ಚಿಕ್ಕಮ್ಮನ ಮುಖ ನೋಡುವುದು ಇನ್ನಿಲ್ಲ. ತೂಗುವ ಕೆಲಸ ಮರುದಿನ ಬೆಳಿಗ್ಗೆ, ಸಿಮೆಂಟ್ ಗೋದಾಮಿನ ದೊಡ್ಡ ತಕ್ಕಡಿಯಲ್ಲಿ ಎಂದು ತೀರ್ಮಾನವಾಯಿತು.

ಎಲ್ಲರೂ ಹೋದ ಮೇಲೆ ಅಕ್ಕ ಅಮ್ಮನ ಕೋಣೆಗೆ ಹೋಗಿ, ನಡೆದದ್ದೆಲ್ಲ ಹೇಳಿದಳು. ಆರು ತೂತು, ಐದು ಬೋಲ್ಟು, ಟೈರಣ್ಣ, ಮಂಚದ ಕೆಳಗಿನ ಪೆಟ್ಟಿಗೆ. ಅಮ್ಮ ಎಲ್ಲ ಕೇಳಿಸಿಕೊಂಡಳು.

"ಅಂದ್ರೆ ನಾನು ದಪ್ಪ ಇಲ್ಲ?"

"ಇಲ್ಲಮ್ಮ."

"ನಾಳೆ ನಾನು ಎಪ್ಪತ್ತೈದು ಕೆಜಿ ತೂಗಿದ್ರೆ ಹೊರಡಬಹುದು?"

"ಹೌದಮ್ಮ, ಆಗ ಹಲಗೆ ಬಿಚ್ಚಲ್ಲ. ಆದ್ರೆ ನೀನು ಐವತ್ತೇ ಅಲ್ವಾ."

ಅಮ್ಮ ಕಪಾಟಿನಿಂದ ಬಟ್ಟೆಗಳನ್ನು ತೆಗೆದು ಮತ್ತೆ ಗಂಟು ಕಟ್ಟತೊಡಗಿದಳು. "ಅಳಿಯಂದ್ರ ಹತ್ರ ಬೇಕಾದಷ್ಟು ತೂಕ ಇದೆಯಲ್ಲ" ಎಂದಳು.

ಭಾವನ ಕೋಣೆಯ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ ಇದೆ. ತಕ್ಕಡಿಗಳನ್ನು ಪರೀಕ್ಷಿಸುವ ಕಬ್ಬಿಣದ ತೂಕದ ಬಟ್ಟುಗಳು ಅದರಲ್ಲಿವೆ. ಒಂದೊಂದರ ಮೇಲೂ ಇಲಾಖೆಯ ಮುದ್ರೆ ಇದೆ. ಬೆಳಿಗ್ಗೆ ಭಾವ ಸ್ನಾನಕ್ಕೆ ಹೋದಾಗ ಅದರಿಂದ ಹತ್ತು ಕೆಜಿಯ ಎರಡು, ಐದು ಕೆಜಿಯ ಒಂದು ಬಟ್ಟು ನನ್ನ ಗಡಿಯಾರದ ಚೀಲಕ್ಕೆ ವರ್ಗವಾದವು. ಸ್ನಾನ ಮುಗಿಸಿ ಬಂದ ಭಾವ ನೇರ ಆ ಪೆಟ್ಟಿಗೆಗೇ ಕೈ ಹಾಕಿದರು. ಗೋದಾಮಿನ ತಕ್ಕಡಿಯನ್ನು ಮೊದಲು ಪರೀಕ್ಷಿಸಬೇಕಂತೆ.

"ರೀ, ಆ ತಕ್ಕಡಿಗೆ ಹೋದ ವಾರ ನೀವೇ ತಾನೇ ಮುದ್ರೆ ಹಾಕಿದ್ದು?" ಎಂದಳು ಅಕ್ಕ. "ನಿಮ್ಮ ಮುದ್ರೆ ಮೇಲೇ ನಿಮಗೆ ನಂಬಿಕೆ ಇಲ್ವಾ?"

ಭಾವ ಪೆಟ್ಟಿಗೆಯ ಮುಚ್ಚಳ ತೆರೆಯದೆ ಕೈ ಹಿಂದಕ್ಕೆ ತೆಗೆದರು. ಅವರ ಜೀವನದಲ್ಲಿ ಅವರನ್ನು ನಿರುತ್ತರಗೊಳಿಸಬಲ್ಲ ಪ್ರಶ್ನೆ ಅದೊಂದೇ.

ಗೋದಾಮಿಗೆ ಹೊರಟ ಮೆರವಣಿಗೆ ಶೋಕಯಾತ್ರೆಯ ಹಾಗಿತ್ತು. ಮುಂದೆ ಭಾವ, ಹಿಂದೆ ನರ್ಸಮ್ಮನಿಂದ ತಂದ ಗಾಲಿಕುರ್ಚಿಯಲ್ಲಿ ದಪ್ಪ ಶಾಲು ಹೊದ್ದ ಅಮ್ಮ, ಕುರ್ಚಿ ತಳ್ಳುವ ಅಕ್ಕ, ವಕೀಲರು, ನರ್ಸಮ್ಮ, ಬೀದಿಯ ಅರ್ಧ ಜನ. ಕೊನೆಯಲ್ಲಿ ಒಂದು ಭುಜ ನೆಲಕ್ಕೆ ಇಳಿದ ನಾನು.

"ಚೀಲದಲ್ಲಿ ಏನಪ್ಪಾ?" ಎಂದರು ವಕೀಲರು.

"ಗಡಿಯಾರ ಸಾರ್."

"ಇಷ್ಟು ಭಾರದ್ದಾ?"

"ಗೋಪುರದ್ದು ಸಾರ್."

ಗೋದಾಮಿನಲ್ಲಿ ಭಾವ ಮೊದಲು ಖಾಲಿ ಗಾಲಿಕುರ್ಚಿಯನ್ನು ತೂಗಿದರು. ಹನ್ನೆರಡು ಕೆಜಿ ಇತ್ತು. ಆಮೇಲೆ ಅಕ್ಕ, "ಅಮ್ಮನ್ನ ಕೂರಿಸ್ಬೇಕು, ನೀವೆಲ್ಲ ಆ ಕಡೆ ತಿರುಗಿ" ಎಂದಳು. ನರ್ಸಮ್ಮನೂ ಸೇರಿ ಎಲ್ಲರೂ ಸಿಮೆಂಟು ಮೂಟೆಗಳ ಕಡೆ ತಿರುಗಿ ತಲೆ ತಗ್ಗಿಸಿ ನಿಂತರು. ನನ್ನ ಚೀಲ ಹಗುರವಾಯಿತು. ತಿರುಗಿ ನೋಡಿದಾಗ ಅಮ್ಮ ಶಾಲಿನೊಳಗೆ ಕೈ ಕಟ್ಟಿಕೊಂಡು, ಸಿಂಹಾಸನದ ಮೇಲಿನ ರಾಣಿಯ ಹಾಗೆ ಕದಲದೆ ಕೂತಿದ್ದಳು. ಕದಲುವ ಸ್ಥಿತಿಯಲ್ಲೂ ಇರಲಿಲ್ಲ.

ಗೋದಾಮಿನ ಮೇಲ್ವಿಚಾರಕ ಮುಳ್ಳು ನೋಡಿದ. ಮೂಟೆಗಳಿಗೆ ಕೂಗಿ ಅಭ್ಯಾಸವಾದ ಗಂಟಲಿನಲ್ಲಿ, "ಎಂಬತ್ತೇಳೂ!" ಎಂದು ಕೂಗಿದ.

ಗುಂಪಿನಲ್ಲಿ ನಿಟ್ಟುಸಿರು ಎದ್ದಿತು. ಎಂಬತ್ತೇಳರಲ್ಲಿ ಕುರ್ಚಿಯ ಹನ್ನೆರಡು ಕಳೆದರೆ ಎಪ್ಪತ್ತೈದು. ವಕೀಲರು ಬಗ್ಗಿ ತಾವೇ ಮುಳ್ಳು ನೋಡಿ, "ಲೆಕ್ಕ ಸರಿಯಾಗಿದೆ" ಎಂದು ಒಪ್ಪಿಕೊಂಡರು. ನರ್ಸಮ್ಮ ಮಾತ್ರ ಹುಬ್ಬು ಗಂಟಿಕ್ಕಿದಳು.

"ಅಮ್ಮಾವ್ರೇ, ಹೋದ ತಿಂಗಳು ನಾನೇ ನೋಡಿದಾಗ ಐವತ್ತಿತ್ತಲ್ಲ?"

"ಎರಡು ದಿನದಿಂದ ಒಬ್ಬೊಬ್ಬರ ಹತ್ರಾನೂ ಮಾತಿನ ಏಟು ತಿಂತಿದೀನಮ್ಮಾ. ಮೈಗೆ ಹತ್ತಿದೆ" ಎಂದಳು ಅಮ್ಮ.

ಗೆದ್ದ ಭಾವನ ಮುಖದಲ್ಲಿ ಗೆಲುವು ಇರಲಿಲ್ಲ. ಎಲ್ಲರೂ ನೋಡುತ್ತಿರುವಾಗಲೇ ಅವರು ಅಮ್ಮನ ಮುಂದೆ ಮಂಡಿಯೂರಿ ಕೂತರು.

"ಅತ್ತೆ, ತಪ್ಪಾಯ್ತು. ನಾನು ಲೆಕ್ಕ ಹೇಳೋಕೆ ಹೋದೆ, ಅದು ಬೀದಿ ಮಾತಾಯ್ತು. ನೀವು ಎಷ್ಟಿದ್ರೂ ಬರ್ತೀರ. ಒಲೆ ಇಳಿಸ್ತೀನಿ, ಮೇಜು ಇಳಿಸ್ತೀನಿ, ನೀರಿನ ಟ್ಯಾಂಕ್ ಖಾಲಿ ಮಾಡ್ತೀನಿ. ನಿಮ್ಮನ್ನ ಇಳಿಸಲ್ಲ."

ಶಾಲಿನಿಂದ ಒಂದು ಕೈ ಹೊರತೆಗೆದು ಅವರ ತಲೆ ಸವರಬೇಕೆಂದು ಅಮ್ಮನಿಗೆ ಅನ್ನಿಸಿರಬೇಕು. ಕೈ ತೆಗೆದರೆ ಹತ್ತು ಕೆಜಿ ಅಳಿಯನ ಕಾಲ ಮೇಲೆ ಬೀಳುತ್ತಿತ್ತು. "ಇರ್ಲಿ ಬಿಡಿ ಅಳಿಯಂದ್ರೇ. ಇರೋ ಭಾರ ಯಾರಾದ್ರೂ ಹೊರಲೇಬೇಕಲ್ಲ" ಎಂದಷ್ಟೇ ಹೇಳಿದಳು.

ಹೀಗೆ ಒಲೆಯಿಲ್ಲದ, ಮೇಜಿಲ್ಲದ, ಕುಡಿಯಲು ಎರಡು ಬಾಟಲಿ ಮಾತ್ರ ನೀರಿದ್ದ ಕ್ಯಾಂಪರ್ ವ್ಯಾನಿನಲ್ಲಿ ನಾವು ಹೊರಟೆವು. ಭಾವ ತಮ್ಮ ಬಟ್ಟೆಯ ಪೆಟ್ಟಿಗೆಯನ್ನೂ ಬಿಟ್ಟು, ಒಂದು ಜೊತೆ ಬಟ್ಟೆಯನ್ನು ಮೈಮೇಲೇ ಎರಡನೆಯ ಪದರವಾಗಿ ತೊಟ್ಟಿದ್ದರು. ಅದನ್ನು ಹಾಗೆ ತೊಟ್ಟರೆ ತೂಕ ಹೇಗೆ ಕಡಿಮೆಯಾಗುತ್ತದೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹಿಂಬಾಗಿಲಿನ ಮೇಲೆ ನೀಲಿ ಗವಸಿನ ಸ್ಟೆಪ್ನಿ ಹೊಳೆಯುತ್ತಿತ್ತು. ವಕೀಲರು ಬಾಲ್ಕನಿಯಿಂದ ಕೈ ಬೀಸಿದರು.

ಬೆಟ್ಟದ ಅರ್ಧ ಹತ್ತಿದ್ದೆವು. ಒಂದು ಇಕ್ಕಟ್ಟಿನ ತಿರುವಿನಲ್ಲಿ ಹಿಂದಿನ ಎಡಗಡೆಯ ಟೈರು ಢಂ ಎಂದಿತು.

ಸತ್ಯ ಹೇಳಬೇಕೆಂದರೆ ಭಾವನಿಗೆ ಸಂತೋಷವೇ ಆಯಿತು. "ಯಾರೂ ಗಾಬರಿ ಆಗ್ಬೇಡಿ. ಇದಕ್ಕೆ ಅಂತಲೇ ಸಿದ್ಧತೆ ಮಾಡಿದೀವಿ" ಎಂದು ಇಳಿದರು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು, ಜಾಕ್ ಏರಿಸಿದರು, ಒಡೆದ ಚಕ್ರ ಬಿಚ್ಚಿ ಪಕ್ಕಕ್ಕೆ ಮಲಗಿಸಿದರು. ಅಮ್ಮನಿಗೆ ಕುಲುಕಾಟ ತಾಗದಂತೆ ಎಲ್ಲವನ್ನೂ ಮೆಲ್ಲಗೆ ಮಾಡಿದರು. ನೀಲಿ ಗವಸನ್ನು ಕಳಚಿ, ನಾಲ್ಕು ಮಡಿಕೆ ಮಾಡಿ ಅಕ್ಕನ ಕೈಗೆ ಕೊಟ್ಟರು. ಸ್ಟೆಪ್ನಿಯನ್ನು ಇಳಿಸಿ, ಉರುಳಿಸಿ ತಂದು, ಎತ್ತಿ, ಬೋಲ್ಟುಗಳಿಗೆ ಹಿಡಿದರು.

ಕೂರಲಿಲ್ಲ. ಸ್ವಲ್ಪ ತಿರುಗಿಸಿ ಹಿಡಿದರು, ಆಗಲೂ ಕೂರಲಿಲ್ಲ. ಇನ್ನಷ್ಟು ತಿರುಗಿಸಿದರು. ಆಮೇಲೆ ಕೆಳಗಿಳಿಸಿ ತೋರುಬೆರಳಿನಿಂದ ಎಣಿಸಿದರು. ವ್ಯಾನಿನ ಕಡೆ ನೋಡಿ ಎಣಿಸಿದರು. ಜೇಬಿನಿಂದ ಟೇಪು ತೆಗೆದು ಸ್ಟೆಪ್ನಿಯ ಎತ್ತರವನ್ನು ಮತ್ತೊಮ್ಮೆ ಅಳೆದರು. ಎತ್ತರ ಸರಿಯಾಗಿಯೇ ಇತ್ತು.

ನಮ್ಮ ಹಿಂದೆ ಒಂದು ಬಸ್ಸು, ಅದರ ಹಿಂದೆ ಲಾರಿಗಳು ಸಾಲಾಗಿ ನಿಂತವು. ಹಾರ್ನುಗಳ ನಡುವೆ ಮೋಟಾರ್ ಸೈಕಲ್ಲಿನಲ್ಲಿ ಒಬ್ಬ ಪೊಲೀಸಿನವನು ಬಂದ.

"ಸ್ಟೆಪ್ನಿ ಇಲ್ವೇನ್ರೀ?"

"ಇದೆ" ಎಂದರು ಭಾವ.

"ಹಾಕಿ ಮತ್ತೆ."

"ಆಗಲ್ಲ. ಆರು ತೂತಿದೆ. ಬೇಕಾಗಿರೋದು ಐದು."

ಪೊಲೀಸಿನವನು ಯೋಚಿಸಿದ. "ಒಂದು ಹೆಚ್ಚೇ ಇದೆಯಲ್ರೀ. ಕಡಿಮೆ ಇದ್ರೆ ತಾನೇ ಕಷ್ಟ?"

ಪೊಲೀಸಿನವನು ವ್ಯಾನನ್ನು ಕೆಳಗಿನ ಊರಿಗೆ ಎಳೆಸಲು ಎಳೆಯುವ ಲಾರಿಗೆ ಫೋನು ಮಾಡುತ್ತೇನೆಂದು ಪಕ್ಕಕ್ಕೆ ಹೋದ. ಭಾವ ರಸ್ತೆಬದಿಯ ಮೈಲಿಗಲ್ಲಿನ ಮೇಲೆ ಕೂತರು. ಎರಡು ಪದರ ಬಟ್ಟೆಯೊಳಗೆ ಬೆವರುತ್ತಿದ್ದರು. ಆ ಮನುಷ್ಯ ಅಷ್ಟು ಚಿಕ್ಕದಾಗಿ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಅತ್ತೆ" ಎಂದರು, ತಲೆ ಎತ್ತದೆ. "ನಿಮ್ಮನ್ನ ನಿಮ್ಮ ತಂಗಿ ಹತ್ರ ಮುಟ್ಟಿಸೋಕೆ ನನ್ನ ಕೈಲಿ ಆಗ್ಲಿಲ್ಲ. ಅಣ್ಣ ಹೇಳಿದ್ದೇ ನಿಜ ಆಯ್ತು. ಅವನು ಇಲ್ಲಿದ್ದಿದ್ರೆ ಕಾಲು ಹಿಡೀತಿದ್ದೆ."

ವ್ಯಾನಿನೊಳಗೆ ಅಮ್ಮ ಮಂಚದ ಮೇಲೆ ಎದ್ದು ಕೂತಳು. ಮಂಡಿ ಹಿಡಿದುಕೊಂಡು ಮೆಲ್ಲಗೆ ಪಕ್ಕಕ್ಕೆ ಸರಿದಳು.

"ಅಳಿಯಂದ್ರೇ, ನನ್ನ ಹೆಚ್ಚಿನ ಇಪ್ಪತ್ತೈದು ಕೆಜಿ ಹಾಸಿಗೆ ಕೆಳಗಿದೆ. ಬಂದು ಇಳಿಸ್ಕೊಳ್ಳಿ."

ಭಾವ ಎದ್ದು ಬಂದರು. ನಾನು ಹಾಸಿಗೆ ಸುತ್ತಿದೆ, ಅಕ್ಕ ಹಲಗೆ ಎತ್ತಿದಳು. ಭಾವ ಬಗ್ಗಿ ನೋಡಿದರು. ಈ ಸಲ ಅಳೆಯಲಿಲ್ಲ, ಮೊದಲು ಎಣಿಸಿದರು. ಡಿಸ್ಕಿನ ಅಂಚಿನಲ್ಲಿ ಅಣ್ಣನ ಅಂಗಡಿಯ ಹಳದಿ ಬಣ್ಣದ ಗುರುತು ಇತ್ತು. ಅದರ ಮೇಲೆ ಬೆರಳಾಡಿಸಿದರು. ಕೊನೆಗೆ ಅವರು ಅಕ್ಕನ ಕಡೆ ತಿರುಗಿದರು.

"ಹಾಗಾದ್ರೆ ಗೋದಾಮಿನಲ್ಲಿ ಎಪ್ಪತ್ತೈದು ಹೇಗೆ ಬಂತು?"

"ಅಮ್ಮನ ಶಾಲಿನೊಳಗೆ ಬಟ್ಟುಗಳಿದ್ವು ರೀ. ಹತ್ತರದ್ದು ಎರಡು, ಐದರದ್ದು ಒಂದು."

"ಯಾರ ಬಟ್ಟುಗಳು?"

"ನಿಮ್ಮವೇ."

"ಮುದ್ರೆ ಬಿದ್ದಿರೋವಾ?"

"ಹೂಂ ರೀ."

ಭಾವ ಮಂಚದ ಅಂಚಿನಲ್ಲಿ ಕೂತರು. "ಹಾಗಾದ್ರೆ ತಕ್ಕಡಿ ಸುಳ್ಳು ಹೇಳಿಲ್ಲ" ಎಂದರು. ಅವರ ಮುಖಕ್ಕೆ ರಕ್ತ ವಾಪಸು ಬಂತು.

ಅಣ್ಣನ ಚಕ್ರ ಐದು ಬೋಲ್ಟುಗಳಿಗೂ ಒಂದೇ ಸಲಕ್ಕೆ ಕೂತಿತು. ನಟ್ಟು ಬಿಗಿದ ಮೇಲೂ ಭಾವ ಏಳಲಿಲ್ಲ. ಉಪಕರಣಗಳ ಚೀಲದಿಂದ ತಮ್ಮ ಗಾಳಿಯ ಮೀಟರು ತೆಗೆದು ವಾಲ್ವಿಗೆ ಒತ್ತಿದರು. ಮುಳ್ಳು ನೋಡಿದರು. ಒರೆಸಿ ಮತ್ತೊಮ್ಮೆ ಒತ್ತಿ ನೋಡಿದರು. ಆಮೇಲೆ ಫೋನು ತೆಗೆದು ರಸ್ತೆಯ ಅಂಚಿಗೆ ಹೋದರು. ಎಳೆಯುವ ಲಾರಿ ಬೇಡವೆಂದು ಪೊಲೀಸಿನವನಿಗೆ ನಾನೇ ಹೇಳಬೇಕಾಯಿತು.

"ಅಣ್ಣಾ" ಎಂದರು ಭಾವ ಫೋನಿನಲ್ಲಿ. "ನಿನ್ನ ಚಕ್ರದ ಗಾಳಿ ನೋಡಿದೆ. ಎಷ್ಟಿರ್ಬೇಕೋ ಅಷ್ಟೇ ಇದೆ. ಒಂದು ಕೂದಲೂ ಆಚೆ ಈಚೆ ಇಲ್ಲ."

ಟೈರಣ್ಣನ ಗಂಟಲು ದೊಡ್ಡದು. ಅವನ ಉತ್ತರ ನಮಗೂ ಕೇಳಿಸಿತು.

"ನೀನು ಬೀಗ ಹಾಕಿ ಹೋದ ಮಾರನೇ ದಿನವೇ ಹೊಸ ಮೀಟರು ತಂದೆ ಕಣೋ. ಎರಡು ವರ್ಷದಿಂದ ಕಾಯ್ತಿದೀನಿ, ಅದನ್ನ ಪರೀಕ್ಷೆ ಮಾಡೋಕೆ ಯಾವ ಇನ್ಸ್‌ಪೆಕ್ಟರೂ ಬಂದಿಲ್ಲ."

"ಸೋಮವಾರ ಬರ್ತೀನಿ. ಈ ಗಾಡೀಲೇ ಬರ್ತೀನಿ, ಮಾರಲ್ಲ" ಎಂದರು ಭಾವ. ಫೋನಿಟ್ಟು ಬಂದು ಗವಸಿನ ಬಟ್ಟೆಯನ್ನು ಅಕ್ಕನ ಕೈಯಿಂದ ತೆಗೆದುಕೊಂಡು ಮುಖ ಒರೆಸಿಕೊಂಡರು.

ಬೆಟ್ಟ ಇಳಿದು ಬಂದರಿನ ಊರು ಸೇರುವಾಗ ಸಂಜೆಯಾಗಿತ್ತು. ಚಿಕ್ಕಮ್ಮ ಗೇಟಿನ ಹತ್ತಿರವೇ ಒಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಎಪ್ಪತ್ತೈದು ಕೆಜಿಯ ತನ್ನ ಅಕ್ಕನನ್ನು ಇಳಿಸಲು ಪಕ್ಕದ ಮನೆಯಿಂದ ಇಬ್ಬರು ಗಟ್ಟಿಮುಟ್ಟಾದ ಆಳುಗಳನ್ನೂ ಕರೆಸಿದ್ದಳು. ವ್ಯಾನಿನ ಬಾಗಿಲು ತೆರೆಯಿತು. ಭಾವ ಒಬ್ಬರೇ ಅಮ್ಮನನ್ನು ಎರಡೂ ಕೈಯಲ್ಲಿ ಎತ್ತಿ ತಂದು ಚಿಕ್ಕಮ್ಮನ ಎದುರು ನಿಲ್ಲಿಸಿದರು. ಆಳುಗಳು ಮುಖ ಮುಖ ನೋಡಿಕೊಂಡರು.

ಚಿಕ್ಕಮ್ಮ ಎದ್ದು ಅಮ್ಮನ ಮುಖವನ್ನು ಎರಡು ಅಂಗೈಯಲ್ಲಿ ಹಿಡಿದು ನೋಡಿದಳು. ಭುಜ ಮುಟ್ಟಿ ನೋಡಿದಳು, ತೋಳು ಹಿಡಿದು ನೋಡಿದಳು.

"ಅಯ್ಯೋ ಅಕ್ಕಾ, ಎಪ್ಪತ್ತೈದು ಅಂದಿದ್ರಲ್ಲೇ! ಕಡ್ಡಿ ಹಾಗಿದೀಯ!"

"ದಾರೀಲಿ ಅಳಿಯಂದ್ರು ಇಳಿಸಿದ್ರು" ಎಂದಳು ಅಮ್ಮ.